ಎಡಗಾಲಿನ ಬ್ರೇಕು

ಶಶಿಕಾಂತನ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹಳೆಯ ಕಾಲದ ಬುಲೆಟ್ಟುಗಳೆಲ್ಲ ಹಾಗೆಯೇ. ಈಗ ರಸ್ತೆಯಲ್ಲಿ ಓಡಾಡುವ ಬೈಕುಗಳಲ್ಲಿ ಅದು ಅದಲುಬದಲು. ಇಪ್ಪತ್ತಾರು ವರ್ಷಗಳ ಹಿಂದೆ, ಹಗಲು ಪ್ರಿಂಟಿಂಗ್ ಪ್ರೆಸ್ಸಿನ ಸ್ಟೋರ್ಸಿನಲ್ಲಿ ಕೆಲಸ ಮಾಡಿ ಸಂಜೆ ಕಾಲೇಜಿಗೆ ಓಡುತ್ತಿದ್ದ ದಿನಗಳಲ್ಲಿ, ಅವನು ಅದನ್ನು ಯಾರದೋ ಕೈಯಿಂದ ಕೊಂಡಿದ್ದ. ಅಂದಿನಿಂದ ಬೇರೆ ಗಾಡಿ ಮುಟ್ಟಿದವನಲ್ಲ. ಪ್ರೆಸ್ಸು ಊರಾಚೆಗೆ ಹೋಗಿ ಕಂಪನಿ ಬಸ್ಸು ಬರತೊಡಗಿದ ಮೇಲೆ ಬುಲೆಟ್ಟಿಗೆ ಭಾನುವಾರದ ತರಕಾರಿ ತರುವುದೊಂದೇ ಕೆಲಸವಾಗಿ ಉಳಿದಿತ್ತು. ಆದರೂ ವಾರಕ್ಕೊಮ್ಮೆ ಶ್ರೀನಗರದ ತನ್ನ ಮನೆಯ ಮುಂದಿನ ಕಾರ್ ಶೆಡ್ಡಿನಲ್ಲಿ, ಕಾರಿಲ್ಲದ ಆ ಶೆಡ್ಡಿನಲ್ಲಿ, ಅವನು ಅದನ್ನು ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಪ್ಲಗ್ಗು ಬಿಚ್ಚಿ ನೋಡಿ ಮತ್ತೆ ಹಾಕುತ್ತಿದ್ದ.

"ಅಪ್ಪ, ಅದು ಸುಮ್ನೆ ನಿಂತಿರತ್ತಲ್ಲ, ನಾನು ತಗೊಂಡ್ ಹೋಗ್ಲಾ?" ಎಂದು ಸ್ಪಂದನಾ ಒಂದು ದಿನ ಕೇಳಿದಳು.

ಮಗಳು ಗೊಟ್ಟಿಗೆರೆಯ ಒಂದು ಫಿಸಿಯೋಥೆರಪಿ ಸೆಂಟರಿನಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಬಂದವಳು ಊಟಕ್ಕೆ ಕೂತಲ್ಲೇ ತೂಕಡಿಸುತ್ತಿದ್ದಳು. ಗೆಳತಿಯ ಬೈಕಿನಲ್ಲಿ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದಳು.

"ಗೇರು ಬಲಗಡೆ ಇದೆ ಕಣೇ," ಅಂದ ಶಶಿಕಾಂತ. "ಯಾರಾದ್ರೂ ಅಡ್ಡ ಬಂದ್ರೆ ನೀನು ಬಲಗಾಲು ಒತ್ತೀಯ. ಅದು ಬ್ರೇಕಲ್ಲ."

"ಹಾಗಾದ್ರೆ ಬದಲಾಯ್ಸು. ಮನೇಲಿ ಮಿಕ್ಸಿಯಿಂದ ಹಿಡಿದು ಎಲ್ಲಾ ಬಿಚ್ಚೋನು ನೀನೇ ತಾನೆ."

ಹೆಂಡತಿ ಪಂಕಜಾ ಒಳಗಿನಿಂದಲೇ, "ಬಿಚ್ಚೋದೇನೋ ಬಿಚ್ತಾರೆ," ಅಂದಳು.

ಮಗಳಿಗೆ ಇಲ್ಲ ಅನ್ನಲು ಅವನಿಗೆ ಕಾರಣ ಸಿಗಲಿಲ್ಲ. ಹೂಂ ಅನ್ನಲು ಧೈರ್ಯ ಬರಲಿಲ್ಲ. ಎರಡರ ನಡುವೆ ಸಿಕ್ಕಿದ್ದು ಕೆಲಸ. ಜೆ.ಸಿ. ರೋಡಿಗೆ ಹೋಗಿ ಬೇಕಾದ ಸಾಮಾನು ತಂದ. ಗೇರಿನ ಪೆಡಲನ್ನು ಎಡಕ್ಕೆ ತರಲು ಎಂಜಿನ್ನಿನ ಹಿಂದೆ ಒಂದು ಅಡ್ಡ ಸಲಾಕೆ, ಬ್ರೇಕಿನ ಪೆಡಲನ್ನು ಬಲಕ್ಕೆ ಒಯ್ಯಲು ಇನ್ನೊಂದು. ಬ್ರೇಕಿನ ಸಲಾಕೆ ನಾಲ್ಕು ಬೆರಳು ಗಿಡ್ಡವಾಗಿತ್ತು. ಅದನ್ನು ಮುನಿಯಣ್ಣನ ಹತ್ತಿರ ಒಯ್ದು ತುಂಡು ಸೇರಿಸಿ ವೆಲ್ಡಿಂಗ್ ಮಾಡಿಸಿದ. ಮುನಿಯಣ್ಣ ಹನುಮಂತನಗರದ ಇಳಿಜಾರಿನಲ್ಲಿ ನಲವತ್ತು ವರ್ಷದಿಂದ ವೆಲ್ಡಿಂಗ್ ಅಂಗಡಿ ಇಟ್ಟವನು. ಅರ್ಧ ಬಡಾವಣೆಯ ಗೇಟುಗಳು ಅವನ ಕೈಯಲ್ಲಿ ಹುಟ್ಟಿದವು.

"ಮಗಳಿಗಾ?" ಅಂತ ಕೇಳಿದ ಮುನಿಯಣ್ಣ. "ಹಂಗಾರೆ ಇನ್ನೊಂದ್ ಸುತ್ತು ಹೊಡೀತೀನಿ ಇರಿ." ಎರಡು ಸುತ್ತು ಹೊಡೆದು, ಸಲಾಕೆ ಆರುವವರೆಗೂ ಅದನ್ನೇ ನೋಡುತ್ತ ಕೂತಿದ್ದ.

ಮೂರು ಭಾನುವಾರ ಹಿಡಿಯಿತು. ಬಿಚ್ಚಿದ್ದಕ್ಕೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದ. ನಟ್ಟುಗಳನ್ನು ಹಳೆಯ ಉಪ್ಪಿನಕಾಯಿ ಡಬ್ಬಿಗಳ ಮುಚ್ಚಳಗಳಲ್ಲಿ ಸಾಲಾಗಿ ಇಟ್ಟ. ಒಂದು ಬೋಲ್ಟನ್ನು ಬಿಗಿಮಾಡಿ, ಕೈ ತೊಳೆದು, ಕಾಫಿ ಕುಡಿದು, ಬಂದು ಮತ್ತೆ ಬಿಗಿಮಾಡುತ್ತಿದ್ದ. ಕೊನೆಗೆ ಪಂಕಜಾಳ ಕೆಂಪು ನೈಲ್ ಪಾಲಿಶ್ ತಂದು ಪ್ರತಿ ಬೋಲ್ಟಿನ ತಲೆಯಿಂದ ಕಬ್ಬಿಣದವರೆಗೆ ಒಂದೊಂದು ಗೆರೆ ಎಳೆದ. ಬೋಲ್ಟು ಕೂದಲಷ್ಟು ಸಡಿಲವಾದರೂ ಗೆರೆ ಮುರಿದು ಗೊತ್ತಾಗುತ್ತದೆ. ತನ್ನ ಕೈಕೆಲಸದ ಮೇಲೆ ಮಗಳು ಕೂತು ರಿಂಗ್ ರೋಡಿನ ಲಾರಿಗಳ ನಡುವೆ ಹೋಗುತ್ತಾಳೆ ಅನ್ನುವುದು ಸ್ಪ್ಯಾನರ್ ಹಿಡಿದಾಗಲೆಲ್ಲ ನೆನಪಾಗುತ್ತಿತ್ತು.

ಮೂರನೆಯ ಭಾನುವಾರ ಬೆಳಿಗ್ಗೆ ಪರೀಕ್ಷೆಗೆಂದು ತಾನೇ ಹೊರಟ. ಮೊದಲ ಎರಡು ಸುತ್ತು ನಿಧಾನ. ಬಲಗಾಲು ಬ್ರೇಕು, ಎಡಗಾಲು ಗೇರು, ಬಲಗಾಲು ಬ್ರೇಕು ಎಂದು ಮಗ್ಗಿ ಹೇಳಿದ ಹಾಗೆ ಮನಸ್ಸಿನಲ್ಲೇ ಹೇಳಿಕೊಂಡ. ಎಲ್ಲ ಹೂವೆತ್ತಿದ ಹಾಗೆ ನಡೆಯಿತು. ಮೂರನೇ ಸುತ್ತಿಗೆ ಎಂಜಿನ್ನಿನ ಸದ್ದು ಎಷ್ಟು ಇಂಪಾಗಿ ಕೇಳಿತೆಂದರೆ ಮಗ್ಗಿ ಮರೆತುಹೋಯಿತು.

ಪಾರ್ಕಿನ ಪಕ್ಕದ ಇಳಿಜಾರಿನಲ್ಲಿ ಗುಂಡಣ್ಣನವರು ಫುಟ್‌ಪಾತಿನಿಂದ ಕೆಳಗಿಳಿದರು. ಬ್ಯಾಂಕಿನಿಂದ ನಿವೃತ್ತರಾದ ಅವರು ಎದುರು ಮನೆಯವರು. ಕೈಯಲ್ಲಿ ಅವರೇಕಾಯಿ ತುಂಬಿದ ಚೀಲ. ಶಶಿಕಾಂತನ ಎಡಗಾಲು ಇಪ್ಪತ್ತಾರು ವರ್ಷಗಳ ನಂಬಿಕೆಯಿಂದ ಜೋರಾಗಿ ಒತ್ತಿತು. ಕಾಲಡಿ ಟಕ್ಕೆಂದು ಗೇರು ಬದಲಾಯಿತು. ಗಾಡಿ ಹೋಗುತ್ತಲೇ ಇತ್ತು. ಕೈ ಬ್ರೇಕನ್ನು ಅವುಚಿ ಹಿಡಿದ. ಗಾಡಿ ಓಲಾಡಿ, ಅವರ ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಹರಿದು, ಮೋರಿಯ ಕಲ್ಲಿಗೆ ಒರಗಿ ನಿಂತಿತು. ಗುಂಡಣ್ಣನವರು ಫುಟ್‌ಪಾತಿನ ಅಂಚಿನಲ್ಲಿ ಕುಕ್ಕರಿಸಿದ್ದರು. ಸುತ್ತ ಅವರೇಕಾಯಿ.

ಅವರಿಗೆ ಏನೂ ಆಗಿರಲಿಲ್ಲ. ಎದ್ದು ಪಂಚೆ ಕೊಡವಿಕೊಂಡು, "ಏನ್ರೀ ಶಶಿಕಾಂತ್, ಅವರೇಕಾಯಿ ಬಿಡಿಸೋದು ನಮ್ಮನೇಲಿ ಹೆಂಗಸರ ಕೆಲಸ. ನೀವ್ಯಾಕೆ ಕೈ ಹಾಕಿದ್ರಿ?" ಅಂದರು.

"ಬ್ರೇಕ್ ಹಿಡೀಲಿಲ್ಲ ಸಾರ್," ಅಂದುಬಿಟ್ಟ ಶಶಿಕಾಂತ.

ಮಾತು ಅವನನ್ನು ಕೇಳದೆಯೇ ಹೊರಗೆ ಬಂದಿತ್ತು. ಅವರೇಕಾಯಿ ಆಯ್ದುಕೊಡುತ್ತ ಅವನು ಆ ಮಾತನ್ನು ಅಳೆದು ನೋಡಿದ. ಪೂರಾ ಸುಳ್ಳಲ್ಲ. ಬ್ರೇಕು ಹಿಡಿದಿರಲಿಲ್ಲ ನಿಜ. ಒತ್ತಿದ್ದರೆ ತಾನೆ ಹಿಡಿಯುವುದು. ಮಣಿಕಟ್ಟು ಉಳುಕಿತ್ತು. ಗಾಡಿಯನ್ನು ಮನೆಗೆ ತಳ್ಳಿಕೊಂಡೇ ಬಂದ.

ಸಂಜೆಯೊಳಗೆ ಮಾತು ಪಾರ್ಕನ್ನು ಮೂರು ಸುತ್ತು ಹಾಕಿತು. ಗುಂಡಣ್ಣನವರು ಕೆಟ್ಟವರಲ್ಲ. ಕಾಳಜಿಯಿಂದಲೇ ಸ್ಪಂದನಾಳನ್ನು ನಿಲ್ಲಿಸಿ, "ಆ ಗಾಡಿ ಹತ್ಬೇಡಮ್ಮ, ಬ್ರೇಕು ಮನೇಲಿ ಮಾಡಿದ್ದು," ಅಂದಿದ್ದರು. ಅವಳು ಅಪ್ಪನ ಮಣಿಕಟ್ಟಿಗೆ ಪಟ್ಟಿ ಸುತ್ತುತ್ತ, "ಹೋಗ್ಲಿ ಬಿಡಪ್ಪ. ಬಸ್ಸಿದೆಯಲ್ಲ," ಅಂದಳು. "ನಿನ್ನಿಂದ ಆಗ್ಲಿಲ್ಲ ಅಂತ ಬೇಜಾರ್ ಮಾಡ್ಕೋಬೇಡ."

ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ. ಆದರೆ ಸೋಮವಾರ ಕಂಪನಿ ಬಸ್ಸಿನಲ್ಲಿ ಕೂತಾಗ, ಮಳೆ ನಿಂತ ಮೇಲೆ ಗೋಡೆಯ ತೇವ ಕಾಣಿಸಿಕೊಳ್ಳುವ ಹಾಗೆ, ಒಂದು ಸಮಾಧಾನ ಮೆಲ್ಲಗೆ ಮೇಲೆ ಬಂತು. ಮಗಳು ತಾನಾಗಿಯೇ ಬೇಡ ಅಂದಿದ್ದಾಳೆ. ಇನ್ನು ಸಲಾಕೆಗಳನ್ನು ಬಿಚ್ಚಿ ಗೇರನ್ನು ಬಲಕ್ಕೆ ತಂದರೆ ಗಾಡಿ ಮೊದಲಿನ ಹಾಗೆ ಆಗುತ್ತದೆ. ತನ್ನದಾಗುತ್ತದೆ. ಈಗಿರುವ ಹಾಗೆ ಬಿಟ್ಟರೆ ಅದನ್ನು ಓಡಿಸಲು ತನ್ನ ಕಾಲು ಇನ್ನು ಲಾಯಕ್ಕಲ್ಲ. ಈ ಲೆಕ್ಕ ಕೆಲಸ ಶುರುಮಾಡುವಾಗ ಅವನ ತಲೆಗೆ ಬಂದೇ ಇರಲಿಲ್ಲ. ಮಗಳ ಕಾಲಿನ ಬಗ್ಗೆ ಅಷ್ಟೆಲ್ಲ ಯೋಚಿಸಿದವನು ತನ್ನ ಕಾಲನ್ನು ಮರೆತಿದ್ದ. ಗುರುವಾರದ ಹೊತ್ತಿಗೆ ಆ ಸಮಾಧಾನದ ಬಗ್ಗೆ ಅವನಿಗೇ ನಾಚಿಕೆಯಾಗಿತ್ತು. ಆದರೂ ಭಾನುವಾರ ಬೆಳಿಗ್ಗೆ ಸ್ಪ್ಯಾನರ್ ತೆಗೆದುಕೊಂಡು ಶೆಡ್ಡಿಗೆ ಇಳಿದ.

ಗೇರಿನ ಕಡೆಯ ಎರಡು ಬೋಲ್ಟು ಬಿಚ್ಚಿದ್ದ. ಗೇಟಿನ ಚಿಲಕದ ಸದ್ದಾಯಿತು. ಮುನಿಯಣ್ಣ. ಗರಿಗರಿಯಾದ ಬಿಳಿ ಅಂಗಿ ಹಾಕಿದ್ದ. ಅವನನ್ನು ಅಂಗಡಿಯ ಮಸಿ ಅಂಗಿಯಲ್ಲಲ್ಲದೆ ಶಶಿಕಾಂತ ನೋಡಿದ್ದೇ ಇಲ್ಲ.

"ಬನ್ನಿ ಮುನಿಯಣ್ಣ. ಕಾಫಿ..."

"ಕಾಫಿ ಆಮ್ಯಾಕೆ ಸಾಮಿ. ಬ್ರೇಕ್ ಬಿಡ್ತಂತೆ?"

ಉತ್ತರಕ್ಕೆ ಕಾಯದೆ ಮುನಿಯಣ್ಣ ಗಾಡಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತ. ಬಗ್ಗಿ ಬ್ರೇಕಿನ ಸಲಾಕೆಯನ್ನು ಹುಡುಕಿ, ತಾನು ಬೆಸೆದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿದ. ಸ್ಪ್ಯಾನರಿನಿಂದ ಕುಟ್ಟಿ ಕಿವಿಗೊಟ್ಟ. ಒಂದು ಕೈಯಲ್ಲಿ ಹಿಂದಿನ ಚಕ್ರ ತಿರುಗಿಸಿ ಇನ್ನೊಂದು ಕೈಯಲ್ಲಿ ಪೆಡಲು ಅದುಮಿದ. ಚಕ್ರ ನಿಂತಿತು. ಮತ್ತೆ ತಿರುಗಿಸಿದ, ಮತ್ತೆ ನಿಂತಿತು. ಹೀಗೆ ಏಳೆಂಟು ಸಲ. ನೈಲ್ ಪಾಲಿಶ್ಶಿನ ಗೆರೆಗಳ ಮೇಲೆ ಬೆರಳಾಡಿಸಿದ. ಬ್ರೇಕಿನ ಕಡೆಯ ಒಂದು ಗೆರೆಯೂ ಮುರಿದಿರಲಿಲ್ಲ.

ಅಷ್ಟರಲ್ಲಿ ಸ್ಪಂದನಾ ಕಾಫಿ ತಂದವಳು ಮೆಟ್ಟಿಲ ಮೇಲೆಯೇ ನಿಂತಳು.

"ಎಲ್ಲಿ ಬಿಡ್ತು ತೋರ್ಸಿ ಸಾಮಿ," ಅಂದ ಮುನಿಯಣ್ಣ. "ನಂಗೆ ಕಾಣ್ತಾ ಇಲ್ಲ. ಕಣ್ಣಾಪರೇಷನ್ ಆದ್ಮೇಲೆ ನಂಗೇ ನನ್ ಮೇಲೆ ಅನುಮಾನ. ಮೊನ್ನೆ ಬ್ಯಾಂಕ್ ಸಾಮಿ ಅಂಗಡಿ ಮುಂದೆ ನಿಂತ್ಕೊಂಡು ಹೇಳ್ದಾಗಿಂದ ವೆಲ್ಡಿಂಗ್ ಕನ್ನಡಕ ಹಾಕಿಲ್ಲ ನಾನು. ಸ್ಕೂಲಿನ ಮೆಟ್ಟಿಲಿಗೆ ಕಂಬಿ ಮಾಡ್ಬೇಕಿತ್ತು, ಬೇರೆಯವರ್ತಾವ ಮಾಡಿಸ್ಕೊಳ್ಳಿ ಅಂದೆ. ನನ್ ಕೈ ಕೆಟ್ಟಿದ್ರೆ ಹೇಳ್ಬಿಡಿ. ಅಂಗಡಿ ಮುಚ್ಚಿ ಮನೇಲಿರ್ತೀನಿ."

ಶಶಿಕಾಂತನ ಬಾಯಿಯವರೆಗೆ ಇನ್ನೊಂದು ಮಾತು ಬಂದಿತ್ತು. ಬ್ರೇಕಿನ ಲೈನರಿಗೆ ಗ್ರೀಸು ಅಂಟಿತ್ತು ಮುನಿಯಣ್ಣ, ಒರೆಸಿದೆ, ನಿಮ್ಮ ವೆಲ್ಡಿಂಗಿನದಲ್ಲ. ಯಾರೂ ಬಿಚ್ಚಿ ನೋಡುವುದಿಲ್ಲ. ಮುನಿಯಣ್ಣನ ಮರ್ಯಾದೆಯೂ ಉಳಿಯುತ್ತದೆ, ತನ್ನದೂ ಉಳಿಯುತ್ತದೆ, ಗಾಡಿಯೂ. ಎಷ್ಟು ಚೊಕ್ಕವಾಗಿ ಕೂರುತ್ತಿತ್ತು ಆ ಮಾತು. ತಾನು ಇಂಥದ್ದನ್ನು ಇಷ್ಟು ಬೇಗ ಹೊಂದಿಸಬಲ್ಲೆ ಎನ್ನುವುದೇ ಅವನಿಗೆ ಹೆದರಿಕೆ ಹುಟ್ಟಿಸಿತು.

"ಬ್ರೇಕ್ ಸರಿಯಾಗೇ ಇದೆ ಮುನಿಯಣ್ಣ," ಅಂದ. "ನಾನು ಒತ್ತಲೇ ಇಲ್ಲ. ಎಡಗಾಲು ಒತ್ತಿದೆ. ಅಭ್ಯಾಸ."

ಮುನಿಯಣ್ಣ ಅವನನ್ನು ನೋಡಿದ. ಆಮೇಲೆ ಅವನ ಎಡಗಾಲನ್ನು ನೋಡಿದ.

"ಅಷ್ಟೇನಾ?"

"ಅಷ್ಟೇ."

"ಥೂ ನಿಮ್ಮ. ಇದನ್ನ ಆವತ್ತೇ ಹೇಳಕ್ಕೇನಾಗಿತ್ತು ಸಾಮಿ. ಬಿಳಿ ಅಂಗಿ ಇಸ್ತ್ರಿ ಮಾಡಿಸ್ಕೊಂಡ್ ಬಂದಿದೀನಿ, ಪಂಚಾಯ್ತಿಗೆ ಬಂದಂಗೆ." ಸ್ಪಂದನಾಳ ಕೈಯಿಂದ ಕಾಫಿ ತೆಗೆದುಕೊಂಡು ಒಂದೇ ಗುಟುಕಿಗೆ ಅರ್ಧ ಕುಡಿದ. ಲೋಟ ಹಿಡಿದ ಕೈ ಗಟ್ಟಿಯಾಗಿತ್ತು. ಆಮೇಲೆ ನೆಲದ ಮೇಲಿದ್ದ ಎರಡು ಬೋಲ್ಟುಗಳು ಅವನ ಕಣ್ಣಿಗೆ ಬಿದ್ದವು. "ಎಲ್ಲಾ ಸರಿಯಾಗೈತೆ ಅಂತೀರಿ. ಮತ್ತೆ ಬಿಚ್ತಾ ಇರೋದ್ಯಾಕೆ?"

ಸ್ಪಂದನಾಳೂ ಬೋಲ್ಟುಗಳನ್ನೇ ನೋಡುತ್ತಿದ್ದಳು. ಅವಳು ತಾಯಿಯ ಹಾಗೆ ಕೂಡಲೇ ಮಾತಾಡುವವಳಲ್ಲ. ಒಂದೊಂದನ್ನೇ ಜೋಡಿಸಿ ನೋಡಿ ಆಮೇಲೆ ಬಾಯಿ ಬಿಡುವವಳು.

"ವಾಪಸ್ ಬಲಗಡೆಗೆ ಹಾಕ್ತಿದ್ಯಾ?" ಎಂದು ಕೇಳಿದಳು.

"ಹೀಗಿದ್ರೆ ನಂಗೆ ಓಡ್ಸೋಕಾಗಲ್ಲ ಕಣೇ."

"ಅದಕ್ಕೆ ನಾನು ಬೇಡ ಅಂದಾಗ ಸುಮ್ನಿದ್ದೆ."

"ಹೂಂ."

"ಕೊಡೋಕಿಷ್ಟ ಇಲ್ಲ ಅಂತ ಮೊದ್ಲೇ ಹೇಳ್ಬೋದಿತ್ತಲ್ಲಪ್ಪ. ನಾನೇನು ಅಳ್ತಿದ್ನಾ?"

"ಇಷ್ಟ ಇಲ್ಲ ಅಂತ ನಂಗೂ ಗೊತ್ತಿರ್ಲಿಲ್ಲ," ಅಂದ ಶಶಿಕಾಂತ. "ನಿನ್ನ ಬಗ್ಗೆ ಭಯ ಅಂತಾನೇ ಅಂದ್ಕೊಂಡಿದ್ದೆ."

ಮುನಿಯಣ್ಣ ತಿರುಗಿ ಗೋಡೆಯ ಕಡೆ ನೋಡುತ್ತ ಉಳಿದ ಕಾಫಿ ಕುಡಿದ. ಮನೆ ಮಾತಿನ ನಡುವೆ ಸಿಕ್ಕವರು ಮಾಡುವುದನ್ನೇ ಮಾಡಿದ. ಲೋಟ ಕೆಳಗಿಟ್ಟು, "ಮಗಾ, ಗಾಡಿ ಯಾರಾರ ಓಡಿಸ್ಕೊಳ್ಳಿ, ಸಲಾಕೆ ಮುರಿಯಾಕಿಲ್ಲ," ಎಂದು ಸ್ಪಂದನಾಳಿಗೆ ಹೇಳಿ, ಅಂಗಡಿ ತೆಗೆಯುವ ಅವಸರದಲ್ಲಿ ಹೊರಟ.

ಅಪ್ಪ ಮಗಳು ಇಬ್ಬರೇ ಉಳಿದರು. ಅವಳು ಮೆಟ್ಟಿಲ ಮೇಲೆ ಕೂತಳು.

"ನೀನೂ ಹೊಸದಾಗಿ ಕಲಿಬೋದು. ಸ್ಟ್ರೋಕ್ ಆದವರಿಗೆ ನಾವು ನಡೆಯೋದನ್ನೇ ಕಲಿಸ್ತೀವಿ. ಆರು ತಿಂಗಳು, ವರ್ಷ ಬೇಕಾಗತ್ತೆ."

"ಅವರು ಕಲಿಯುವಾಗ ಎದುರಿಗೆ ಗುಂಡಣ್ಣ ಬರಲ್ವಲ್ಲ."

ಅವಳಿಗೆ ನಗು ಬಂತು. ಆದರೆ ನಗು ಬೇಗ ನಿಂತಿತು. "ವಾಪಸ್ ಹಾಕ್ಕೋ ಅಪ್ಪ. ನಿಜವಾಗ್ಲೂ. ನಾನು ಸ್ಕೂಟರ್ ಸಾಲ ತಗೋತೀನಿ."

ಅವನು ಸ್ಪ್ಯಾನರನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಬಲಗಡೆ ಗೇರು ಹಾಕಿಕೊಂಡರೆ ವಾರಕ್ಕೊಂದು ಸಲ ತರಕಾರಿ ಅಂಗಡಿ. ನಾಲ್ಕು ಕಿಲೋ ಈರುಳ್ಳಿ, ಎರಡು ಕಟ್ಟು ಸೊಪ್ಪು. ಉಳಿದ ಆರು ದಿನ ಶೆಡ್ಡಿನಲ್ಲಿ ನಿಲ್ಲುವುದು. ಇಷ್ಟಕ್ಕಾಗಿ ಒಬ್ಬ ಮುದುಕನ ಕೈಯನ್ನು ಮೂರು ದಿನ ಕಟ್ಟಿಹಾಕಿದೆ, ಮಗಳನ್ನು ವಾರವಿಡೀ ಬಸ್ಸಿಗೆ ನಿಲ್ಲಿಸಿದೆ ಅನ್ನಿಸಿತು. ಹಾಗನ್ನಿಸಿದರೂ ಕೈ ಸ್ಪ್ಯಾನರನ್ನು ಸುಲಭಕ್ಕೆ ಬಿಡಲಿಲ್ಲ. ತನ್ನ ಮನಸ್ಸು ದೊಡ್ಡದು ಎಂದು ಅವನು ಯಾವತ್ತೂ ನಂಬಿದವನಲ್ಲ. ಇವತ್ತೂ ಅದು ದೊಡ್ಡದಾಗಲಿಲ್ಲ. ಆದರೆ ಆ ಕೆಲಸ ಚೆನ್ನಾಗಿ ಆಗಿತ್ತು. ಮುನಿಯಣ್ಣ ಏಳೆಂಟು ಸಲ ಚಕ್ರ ತಿರುಗಿಸಿದ್ದ, ಏಳೆಂಟು ಸಲವೂ ನಿಂತಿತ್ತು. ಅದನ್ನು ಬಿಚ್ಚಿಹಾಕಲು ಮನಸ್ಸಾಗಲಿಲ್ಲ.

"ಬಾ ಇಲ್ಲಿ," ಅಂದ. "ಈ ಎರಡು ನೀನೇ ಹಾಕು. ಗಾಡಿ ಇಟ್ಕೊಳ್ಳೋಳಿಗೆ ಇದು ಗೊತ್ತಿರ್ಬೇಕು."

ಅವಳು ಹಾಕಿದಳು. ಅವನು ಮುಟ್ಟಲಿಲ್ಲ. ಬಹಳ ಹೊತ್ತು ತಡೆದುಕೊಂಡು ಒಂದೇ ಒಂದು ಸಲ ಪರೀಕ್ಷಿಸಿದ. ಬಿಗಿಯಾಗಿತ್ತು. ಆಮೇಲೆ ಎದುರು ಮನೆಗೆ ಹೋಗಿ ಗುಂಡಣ್ಣನವರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿ ಬಂದ. ಅವರು ಎಲ್ಲ ಕೇಳಿಸಿಕೊಂಡು, "ಅಂದ್ರೆ ತಪ್ಪು ಗಾಡಿದಲ್ಲ, ನಿಮ್ಮದು ಅಂತಾಯ್ತು. ನಂಗೆ ಗಾಡಿದೇ ಆಗಿದ್ರೆ ಸಮಾಧಾನ ಇರ್ತಿತ್ತು ಕಣ್ರೀ," ಅಂದರು.

ಸಂಜೆ ನಾಲ್ಕಕ್ಕೆ ಸ್ಪಂದನಾ ಹೆಲ್ಮೆಟ್ ಹಾಕಿಕೊಂಡು ಗಾಡಿಯನ್ನು ಹೊರಗೆ ತಂದಳು. ಮೂರನೆಯ ಒದೆತಕ್ಕೆ ಸ್ಟಾರ್ಟ್ ಆಯಿತು. ಹಿಂದೆ ಕೂರಲೇ ಎಂದು ಕೇಳಿದ.

"ಬೇಡಪ್ಪ. ನೀನು ಹಿಂದೆ ಕೂತ್ಕೊಂಡು ಬ್ರೇಕ್ ಒತ್ತೀಯ, ನಂಗೆ ಭಯ."

ಅವಳು ಹೊರಟಳು. ಗುಂಡಣ್ಣನವರು ತಮ್ಮ ಗೇಟಿನೊಳಗೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಒಂದನೇ ಗೇರು, ಎರಡನೇ ಗೇರು. ಇಳಿಜಾರಿನ ರೋಡ್ ಹಂಪಿನ ಹತ್ತಿರ ಹಿಂದಿನ ಕೆಂಪು ದೀಪ ಹತ್ತಿತು, ಗಾಡಿ ತಗ್ಗಿ, ಹಂಪು ದಾಟಿ, ದೀಪ ಆರಿತು. ತಿರುವಿನಲ್ಲಿ ಅವಳು ಮರೆಯಾದಳು. ಸದ್ದು ಮಾತ್ರ ಉಳಿಯಿತು.

ಪಂಕಜಾ ಬಾಗಿಲಿಗೆ ಬಂದು, "ಇನ್ಮೇಲೆ ತರಕಾರಿಗೆ ಹೇಗ್ ಹೋಗ್ತೀರಿ?" ಅಂದಳು.

"ನಡ್ಕೊಂಡು," ಅಂದ ಶಶಿಕಾಂತ. ಕೈ ಎತ್ತಿ ಅವಳಿಗೆ ಸುಮ್ಮನಿರಲು ಹೇಳಿದ. ಮೂರನೇ ಗೇರು ಬೀಳುವುದು ಇನ್ನೂ ಕೇಳಿಸಿರಲಿಲ್ಲ.