ಎರಡನೇ ಹಂತ

ಶವಪೆಟ್ಟಿಗೆಗೆ ನಾಲ್ಕು ಮಂದಿ ಕೈ ಹಾಕಿ ಆಗಿತ್ತು. ಇನ್ನೇನು ಎತ್ತಬೇಕು ಅನ್ನುವಷ್ಟರಲ್ಲಿ ಹೆಲನ್ ಟೀಚರು ಹೋಗಿ ಹೊಸ್ತಿಲಿಗೆ ಅಡ್ಡ ಕೂತುಬಿಟ್ಟರು. ತೊಡೆಯ ಮೇಲೆ ಒಂದು ಮಗು ಮಲಗಿತ್ತು. ಹೆಗಲಿಗೆ ಒರಗಿಕೊಂಡು ಇನ್ನೊಂದು ಬೆರಳು ಚೀಪುತ್ತಿತ್ತು. ಹೊರಗೆ ಹೋಗಬೇಕಾದರೆ ಮೂವರನ್ನೂ ದಾಟಿಕೊಂಡೇ ಹೋಗಬೇಕು.

“ಕೆಳಗೆ ಇಡು ವಿಲ್ಲಿ,” ಎಂದರು. “ಸಂಜೆ ಫ್ಯಾಕ್ಟರಿ ಬಿಡಲಿ. ಆಮೇಲೆ ಎತ್ತುವ.”

ಸತ್ತವಳು ವಿನ್ನಿಬಾಯಿ. ವಿಲ್ಲಿ ಅವಳ ಅಕ್ಕನ ಮಗ, ಅವಳನ್ನು ಮಾವ್ಶಿ ಅಂತ ಕರೆಯುವವನು. ರಕ್ತಸಂಬಂಧಿ ಅಂತ ಅವಳಿಗೆ ಇದ್ದವನು ಅವನೊಬ್ಬನೇ. ಸುದ್ದಿ ಸಿಕ್ಕಿ ಪಡೀಲಿನಿಂದ ಮೊದಲ ಬಸ್ಸಿಗೆ ಬಂದಿದ್ದ. ಅವನು ಅಂಗಳದಲ್ಲಿ ಕಪ್ಪು ನಿಲುವಂಗಿ ಹಾಕಿ ನಿಂತ ಚರ್ಚಿನ ಪಾದ್ರಿ, ವಿಗಾರ್ ಫಾದರನ್ನು ನೋಡಿದ. ಫಾದರು ತಿರುಗಿ ಆಂಬ್ರೋಸರನ್ನು ನೋಡಿದರು. ಆ ಚರ್ಚಿನಲ್ಲಿ ಯಾವ ಮಾತು ಎದ್ದರೂ ಕೊನೆಗೆ ಎಲ್ಲರೂ ಆಂಬ್ರೋಸರನ್ನೇ ನೋಡುವುದು ರೂಢಿ. ಅವರು ಗುಡ್ಡದ ಕೆಳಗಿನ ಗೇರುಬೀಜದ ಫ್ಯಾಕ್ಟರಿಯ ಮ್ಯಾನೇಜರು, ಚರ್ಚಿನ ಯೋಜನಾ ಸಮಿತಿಯ ಅಧ್ಯಕ್ಷರು.

“ಎಂತ ಟೀಚರ್ ಇದು?” ಎಂದರು ಆಂಬ್ರೋಸರು, ಮಕ್ಕಳೊಡನೆ ಮಾತಾಡುವ ದನಿಯಲ್ಲಿ. “ಹತ್ತು ಗಂಟೆ ಅಂತ ಎಲ್ಲರಿಗೂ ಹೇಳಿ ಆಗಿದೆ.”

“ಯಾರಿಗೆ ಹೇಳಿದ್ದು? ಇವಳ ಜನ ಎಲ್ಲ ನಿಮ್ಮ ಫ್ಯಾಕ್ಟರಿಯ ಒಳಗೆ ಉಂಟು.”

ಅದು ಸುಳ್ಳಾಗಿರಲಿಲ್ಲ. ಬೆಳಗ್ಗೆ ಮಬ್ಬಿನಲ್ಲೇ ಹೆಂಗಸರು ಎಂದಿನ ಹಾಗೆ ಮಕ್ಕಳನ್ನು ಇಲ್ಲಿ ಬಿಟ್ಟು ಹೋಗಲು ಎತ್ತಿಕೊಂಡು ಬಂದಿದ್ದರು. ಹೆಣ ಇರುವ ಮನೆಗೆ ಹಸುಗೂಸು ತರಬಾರದು ಅಂತ ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಬೇರೆ ಎಲ್ಲಿ ಬಿಡುವುದು? ಮಳೆಗಾಲಕ್ಕೆ ಮುಂಚೆ ಗೇರುಬೀಜ ಒಯ್ಯುವ ಕೊನೆಯ ಹಡಗು ಬಂದರಿನ ಹೊರಗೆ ಲಂಗರು ಹಾಕಿ ಕಾಯುತ್ತಿತ್ತು. ಈ ವಾರ ರಜೆ ಮಾಡಿದವಳು ಮುಂದಿನ ವಾರ ಬರುವುದೇ ಬೇಡ ಅಂತ ಫ್ಯಾಕ್ಟರಿಯಲ್ಲಿ ಹೇಳಿಯಾಗಿತ್ತು. ಅವರಲ್ಲೊಬ್ಬಳು, ಹೇಮಾಕ್ಷಿ, ಮಗುವನ್ನು ಜೋಲಿಯಲ್ಲಿ ಮಲಗಿಸಿ, ವಿನ್ನಿಬಾಯಿಯ ಪಾದ ಮುಟ್ಟಿ, ನಾವು ಬರುವವರೆಗೆ ಮಣ್ಣು ಮಾಡದೆ ಇಡ್ತಾರಾ ಟೀಚರ್ ಅಂತ ಕೇಳಿದ್ದಳು. ಇಡ್ತಾರೆ ಅಂತ ಹೆಲನ್ ಮಾತು ಕೊಟ್ಟಿದ್ದರು. ಹನ್ನೊಂದೂವರೆಗೆ ಆಂಬ್ರೋಸರು ಬಂದರಿನಲ್ಲಿ ನಿಂತು ಡಬ್ಬ ಲೋಡು ಮಾಡಿಸಬೇಕಾಗಿದೆ, ಅದಕ್ಕೆ ಸರಿಹೊಂದುವ ಹಾಗೆ ಹತ್ತು ಗಂಟೆ ನಿಗದಿಯಾಗಿದೆ ಅನ್ನುವುದು ಆಗ ಹೆಲನರಿಗೆ ತಿಳಿದಿರಲಿಲ್ಲ.

“ಕೆಲಸಕ್ಕೆ ಹೋದವರು ಅಲ್ಲಿಂದಲೇ ಪ್ರಾರ್ಥನೆ ಮಾಡ್ತಾರೆ,” ಎಂದರು ಆಂಬ್ರೋಸರು. “ದೇವರಿಗೆ ಎಲ್ಲಿಂದ ಆದರೂ ಕೇಳ್ತದೆ.”

“ಮತ್ತೆ ಅಷ್ಟು ಎತ್ತರದ ಗೋಪುರ ಯಾಕೆ ಕಟ್ಟಿಸಿದ್ದು ನೀವು?”

ಅಂಗಳದಲ್ಲಿ ಯಾರೋ ಕೆಮ್ಮಿದರು. ಆಂಬ್ರೋಸರ ಮುಖ ಬಿಗಿಯಿತು.

“ಒಂದು ಚೀಟಿ ಬರೆದುಕೊಡಿ,” ಎಂದರು ಹೆಲನ್. “ಎರಡು ಗಂಟೆ ಹೊತ್ತು ಅವರನ್ನು ಬಿಡಿ. ಈಗಲೇ ಎತ್ತುವ.”

“ಹಡಗು ನಿಂತಿದೆ ಟೀಚರ್.”

“ಹಾಗಾದರೆ ವಿನ್ನಿಬಾಯಿಯೂ ನಿಲ್ತಾಳೆ.”

* * *

ಮೂರು ವರ್ಷದ ಹಿಂದೆ ಚರ್ಚಿನ ಮುಂದಿನ ಇಪ್ಪತ್ತು ವರ್ಷಕ್ಕೆ ಒಂದು ಯೋಜನೆ ಆಗಬೇಕು, ಅದಕ್ಕೆ ಮೊದಲು ಜನರ ಮನಸ್ಸಿನಲ್ಲಿ ಏನಿದೆ ಅಂತ ಮನೆಮನೆಗೆ ಹೋಗಿ ಕೇಳಬೇಕು ಅಂತ ತೀರ್ಮಾನವಾಗಿತ್ತು. ರೋಮಿನಲ್ಲಿ ಪೋಪರು ಕರೆದ ದೊಡ್ಡ ಸಭೆ ಮುಗಿದ ಕಾಲ ಅದು. ಪೂಜೆ ಲ್ಯಾಟಿನ್ ಬಿಟ್ಟು ಕೊಂಕಣಿಗೆ ಬರತೊಡಗಿತ್ತು. ಪಾದ್ರಿಗಳು ಮಾತ್ರ ಚರ್ಚಲ್ಲ, ಜನರೇ ಚರ್ಚು ಅಂತ ಫಾದರು ಪೂಜೆಯ ಪ್ರಸಂಗದಲ್ಲಿ ಹೇಳುತ್ತಿದ್ದರು. ಹೆಲನ್ ಟೀಚರಿಗೆ ಆ ಮಾತು ಎಷ್ಟು ಹಿಡಿಸಿತ್ತೆಂದರೆ, ಕೆಸರು ಮತ್ತು ನಾಯಿಗಳಿಗೆ ಹೆದರಿ ಯಾರೂ ಒಪ್ಪದ ಕೆಳಗಿನ ವಾರ್ಡಿಗೆ ತಾನು ಹೋಗುತ್ತೇನೆ ಅಂತ ಎದ್ದು ನಿಂತಿದ್ದರು.

ಜತೆಗೆ ಬಂದವಳು ವಿನ್ನಿಬಾಯಿ. ಕಾಗದದಲ್ಲಿ ವಿನಿಫ್ರೆಡ್ ಅಂತ ಇದ್ದ ಹೆಸರನ್ನು ಆ ವಾರ್ಡಿನಲ್ಲಿ ಯಾರೂ ಬಾಯಿಬಿಟ್ಟು ಕರೆದದ್ದಿಲ್ಲ. ಹುಡುಗಿಯಾಗಿದ್ದಾಗಲೇ ಗೇರುಬೀಜ ಒಡೆಯಲು ಕೂತವಳು, ಎದೆಗೆ ಹೊಗೆ ಹಿಡಿದು ಕೆಮ್ಮು ನಿಲ್ಲದಾದಾಗ ಬಿಟ್ಟು ಬಂದು ಮನೆಯಲ್ಲೇ ಬೀಡಿ ಕಟ್ಟುತ್ತಿದ್ದಳು. ಗಂಡ ದೋಣಿಯವನು, ಮದುವೆಯಾಗಿ ಸ್ವಲ್ಪ ಕಾಲದಲ್ಲೇ ಅಳಿವೆಯ ಸುಳಿಗೆ ಸಿಕ್ಕಿ ಹೋಗಿದ್ದ. ಮಕ್ಕಳಿರಲಿಲ್ಲ. ಯಾರ ಮನೆಯ ಬಾಗಿಲನ್ನೂ ಅವಳು ತಟ್ಟುತ್ತಿರಲಿಲ್ಲ. ಹೊರಗಿನಿಂದಲೇ ಹೆಸರು ಕೂಗಿ ಒಳಗೆ ನಡೆಯುತ್ತಿದ್ದಳು.

ಮೊದಲ ಮನೆಗಳಲ್ಲಿ ಜನ ಬೆಪ್ಪಾದರು. ನಿಮಗೆ ಎಂತ ಬೇಕು ಅಂತ ಚರ್ಚು ಅವರನ್ನು ಕೇಳಿದ್ದು ಅದೇ ಮೊದಲು. ಒಬ್ಬ ಮುದುಕ ತುಂಬಾ ಯೋಚಿಸಿ, ಪ್ರಸಂಗ ಸ್ವಲ್ಪ ಗಿಡ್ಡ ಮಾಡಿದರೆ ಒಳ್ಳೆಯದಿತ್ತು ಎಂದ. ಮತ್ತೊಬ್ಬಳು, ಬೇಡ ಟೀಚರ್, ಏನಾದರೂ ಹೇಳಿ ಕೊನೆಗೆ ಫಾದರಿಗೆ ಬೇಜಾರಾದರೆ ಅಂತ ಹಿಂಜರಿದಳು. ಅವಳ ಸೊಸೆ ಮಾತ್ರ, ಮಗುವಿಗೆ ಹಾಲು ಕುಡಿಸುತ್ತಿದ್ದವಳು, ತಲೆ ಎತ್ತಿ ನಕ್ಕಳು.

“ಇಪ್ಪತ್ತು ವರ್ಷದ್ದು ನಂಗೆ ಗೊತ್ತಿಲ್ಲ. ನಾಳೆ ಬೆಳಗ್ಗೆ ಇದನ್ನು ಎಲ್ಲಿ ಬಿಟ್ಟು ಹೋಗಲಿ ಅಂತ ಕೇಳಿ ನೋಡಿ ನಿಮ್ಮ ಚರ್ಚಿಗೆ.”

ಆಮೇಲೆ ಮನೆ ಮನೆಯಲ್ಲೂ ಅದೇ ಬಂತು. ಕೆಲವರು ಮಗುವಿನ ಕಾಲನ್ನು ಮಂಚಕ್ಕೆ ಕಟ್ಟಿ ಹೋಗುತ್ತಿದ್ದರು. ಕೆಲವರು ಅಫೀಮು ನೆಕ್ಕಿಸುತ್ತಿದ್ದರು. ಒಬ್ಬಳ ಮಗು ತೆವಳಿಕೊಂಡು ಹೋಗಿ ನೀರಿನ ತೋಡಿಗೆ ಬಿದ್ದು ಸತ್ತಿತ್ತು. ಅದನ್ನು ಅವಳು ಹೇಳಲಿಲ್ಲ, ಹೊರಗೆ ಬಂದ ಮೇಲೆ ವಿನ್ನಿಬಾಯಿ ಹೇಳಿದಳು. ದಾರಿಯಲ್ಲಿ ಬರುವಾಗ ವಿನ್ನಿಬಾಯಿ, “ಇಷ್ಟು ಮಂದಿ ಒಂದೇ ಮಾತು ಹೇಳಿದ ಮೇಲೆ ಅವರು ಮಾಡದೆ ಇರ್ಲಿಕ್ಕಿಲ್ಲ ಅಲ್ವಾ?” ಎಂದಿದ್ದಳು. ಹೆಲನ್ ಖಂಡಿತ ಮಾಡ್ತಾರೆ ಎಂದಿದ್ದರು.

ಶಾಲೆಯ ಹಾಲಿನಲ್ಲಿ ಸಭೆ ಸೇರಿದ ಭಾನುವಾರ ಆಂಬ್ರೋಸರು ಎದ್ದು ನಿಂತು ಜನರ ಅಭಿಪ್ರಾಯ ಓದಿದರು. ಎಲ್ಲ ವಾರ್ಡುಗಳ ಜನರ ಒಂದೇ ಆಸೆ, ಸಮುದ್ರದಿಂದ ನೋಡಿದರೂ ಕಾಣುವಂಥ ಒಂದು ಗೋಪುರ ಮತ್ತು ಹೊಸ ಗಂಟೆ ಎಂದರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹಿಂದಿನಿಂದ ವಿನ್ನಿಬಾಯಿ ಎದ್ದಳು. ಸಭೆಯಲ್ಲಿ ಹೆಂಗಸು ಏಳುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

“ನಮ್ಮ ವಾರ್ಡಿನಲ್ಲಿ ಗೋಪುರ ಕೇಳಿದ್ದು ಯಾರು?”

“ಬಾಯಿ, ಯೋಜನೆ ಅಂದರೆ ದೂರ ನೋಡಬೇಕು. ಮಕ್ಕಳು ಮರಿ ಎಲ್ಲ ಅವರವರ ಮನೆಯ ವಿಷಯ,” ಎಂದರು ಆಂಬ್ರೋಸರು.

“ನಾನು ಕೇಳಿದ್ದು ಅದಲ್ಲ. ಯಾರು ಕೇಳಿದ್ದು?”

ಹೆಲನ್ ಟೀಚರೂ ಎದ್ದು ನಿಂತರು. ತಾನೇ ಮನೆಮನೆಗೆ ಹೋಗಿ ಕೇಳಿದ್ದೇನೆ, ಒಂದೇ ಒಂದು ಬಾಯಿಂದ ಗೋಪುರ ಅನ್ನುವ ಮಾತು ಬಂದಿಲ್ಲ ಎಂದರು. ಹಾಲಿನಲ್ಲಿ ಗುಸುಗುಸು ಆಯಿತು. ಕೊನೆಗೆ ವಿಗಾರರು ಎರಡೂ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಮಕ್ಕಳ ಸಂಗತಿಯನ್ನು ಎರಡನೇ ಹಂತದಲ್ಲಿ ನೋಡುವ ಎಂದರು.

ವಿನ್ನಿಬಾಯಿ ಸೀದಾ ಮನೆಗೆ ನಡೆದಳು. ಸೋಮವಾರ ಹೆಲನ್ ಹೋಗಿ ನೋಡುವಾಗ ಜಗಲಿಯ ಅಡ್ಡತೊಲೆಗೆ ಹಳೆ ಸೀರೆಗಳನ್ನು ಕಟ್ಟಿ ಜೋಲಿ ಮಾಡಿದ್ದಳು. ಒಂದರಲ್ಲಿ ಆಗಲೇ ಮಗುವಿತ್ತು. ಬೀಡಿಯ ಮೊರ ಪಕ್ಕಕ್ಕೆ ಸರಿದಿತ್ತು.

“ಎರಡನೇ ಹಂತದವರೆಗೆ ಇವು ಬೆಳೆದು ಮುದುಕರಾಗ್ತಾವೆ ಟೀಚರ್,” ಎಂದಳು.

* * *

ಬಿಸಿಲು ಏರಿತು. ಮೇ ತಿಂಗಳ ಮಂಗಳೂರು. ಹೆಂಚಿನ ಮಾಡಿನ ಕೆಳಗೆ ಕೂತವರ ಬೆನ್ನಲ್ಲಿ ಬೆವರು ಹರಿಯುತ್ತಿತ್ತು. ವಿಲ್ಲಿ ಮೆಲ್ಲ ಬಂದು, ಟೀಚರ್, ನೀವು ಹೇಳುವುದು ಸರಿ, ಆದರೆ ಈ ಸೆಕೆಗೆ ಮಾವ್ಶಿಯನ್ನು ಸಂಜೆಯವರೆಗೆ ಹೇಗೆ ಇಡುವುದು ಅಂತ ಕೇಳಿದ. ಹಟ ಹಿಡಿದು ಕೂತಾಗ ಹೆಲನರಿಗೆ ಅದು ಹೊಳೆದಿರಲಿಲ್ಲ.

ಉತ್ತರ ಬಂದದ್ದು ಬೇಲಿಯ ಆಚೆ ಮನೆಯ ಬೀಫಾತಿಮ್ಮನಿಂದ. ಅವಳು ಬೆಳಗ್ಗಿನಿಂದ ಅಡುಗೆಮನೆಯಲ್ಲಿ ಮಕ್ಕಳಿಗೆ ಗಂಜಿ ತಿನ್ನಿಸುತ್ತಿದ್ದಳು.

“ನಮ್ಮಲ್ಲಿ ಆದರೆ ಇಷ್ಟು ಹೊತ್ತು ಇಡುವ ಕ್ರಮ ಇಲ್ಲ,” ಎಂದಳು, ತಲೆಯ ಬಟ್ಟೆ ಸರಿಮಾಡಿಕೊಳ್ಳುತ್ತ. “ಬೇಗ ಮಣ್ಣು ಮಾಡಬೇಕು. ಆದರೆ ಇವಳು ನಿಮ್ಮವಳಲ್ವಾ. ನಮ್ಮ ಅಣ್ಣನಿಗೆ ಹೇಳಿ ಕಳಿಸಿದ್ದೇನೆ.”

ಅವಳ ಅಣ್ಣ ಅಹ್ಮದ್ ಬಾವನಿಗೆ ಬಂದರಿನಲ್ಲಿ ಮೀನಿನ ವ್ಯಾಪಾರ. ಸ್ವಲ್ಪ ಹೊತ್ತಿನಲ್ಲಿ ಕೈಗಾಡಿ ಬಂತು. ಗೋಣಿಯ ಕೆಳಗೆ, ಉಮಿಯ ನಡುವೆ ಮಂಜುಗಡ್ಡೆಯ ದಿಂಡುಗಳಿದ್ದವು. ಅಹ್ಮದ್ ಬಾವ ಅಂಗಳದಲ್ಲಿ ಚಪ್ಪಲಿ ಬಿಟ್ಟು, ಯಾರ ಮುಖವನ್ನೂ ನೋಡದೆ, ವಿಲ್ಲಿಯ ಜತೆ ಸೇರಿ ಮಂಜುಗಡ್ಡೆಯನ್ನು ಪೆಟ್ಟಿಗೆಯ ಎರಡೂ ಬದಿಗೆ ಒತ್ತಾಗಿ ಇಟ್ಟ. ಇಂಥ ಸೆಕೆಗೆ ಮಧ್ಯಾಹ್ನ ಇನ್ನೊಂದು ಗಾಡಿ ಬೇಕಾದೀತು ಅಂತ ಹೇಳಿ ಹೊರಟ.

ಆಗ ವಿಗಾರರು ಮೆಟ್ಟಿಲ ಹತ್ತಿರ ಬಂದರು. ಅವರು ಕೆಟ್ಟ ಮನುಷ್ಯರಲ್ಲ. ಯಾರಿಗೂ ಬೇಜಾರು ಮಾಡದೆ ಇರಬೇಕು ಅಂತ ಹೊರಟು, ಬೇಜಾರು ಮಾಡಿದರೂ ನಡೆಯುವಂಥವರಿಗೆ ಮಾತ್ರ ಬೇಜಾರು ಮಾಡುತ್ತ ಬಂದವರು.

“ಟೀಚರ್, ನೀವು ನಮ್ಮ ಶಾಲೆಯಲ್ಲಿ ಕೆಲಸ ಮಾಡುವವರು,” ಎಂದರು ತಗ್ಗಿದ ದನಿಯಲ್ಲಿ. “ಹೀಗೆಲ್ಲ ಮಾಡಿದರೆ ಸಮಿತಿಯವರಿಗೆ ನಾನು ಎಂತ ಹೇಳಲಿ?”

“ಶಾಲೆ ಜೂನಿನಲ್ಲಿ ತೆರೆಯುತ್ತದೆ ಫಾದರ್. ಅದರ ಮಾತು ಆಗ ಆಡುವ.”

ಹೆಲನರ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದರು. ಆ ಕೆಲಸ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅವರು ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಒತ್ತಿಕೊಂಡರು. ವಿಲ್ಲಿ ಬಂದು ಹೊಸ್ತಿಲಲ್ಲಿ ಅವರ ಪಕ್ಕ ಕೂತ.

“ಫಾದರ್, ನಾನು ಮನೆಯವನು,” ಎಂದ. “ಸಂಜೆಗೇ ಆಗಲಿ.”

* * *

ಕಳೆದ ವರ್ಷ ಗೋಪುರದ ಕೆಲಸ ಮುಗಿಯುತ್ತ ಬಂದಾಗ ಹೊರಗಿನಿಂದ ಕೆಲವು ಅತಿಥಿಗಳು ಬಂದಿದ್ದರು. ಜನರನ್ನು ಕೇಳಿ ಯೋಜನೆ ಮಾಡಿದ ಚರ್ಚು ಅಂತ ಇದಕ್ಕೆ ಹೆಸರು ಬಂದಿತ್ತು. ಆಂಬ್ರೋಸರು ಅವರನ್ನು ಕರೆದುಕೊಂಡು ಸೀದಾ ವಿನ್ನಿಬಾಯಿಯ ಜಗಲಿಗೆ ಬಂದರು. ಇದು ನಮ್ಮ ಚರ್ಚಿನ ಶಿಶುಕೇಂದ್ರ, ಜನರ ಬೇಡಿಕೆಯಿಂದ ಹುಟ್ಟಿದ್ದು ಎಂದರು. ಅಲ್ಲಿಗೆ ಚರ್ಚಿನಿಂದ ಒಂದು ಲೋಟ ಹಾಲೂ ಬಂದದ್ದಿಲ್ಲ. ಹೆಲನ್ ಬಾಯಿ ತೆರೆಯುವಷ್ಟರಲ್ಲಿ ವಿನ್ನಿಬಾಯಿ ಎದ್ದು, ಆಗಷ್ಟೇ ಒದ್ದೆ ಮಾಡಿಕೊಂಡು ಅರಚುತ್ತಿದ್ದ ಮಗುವೊಂದನ್ನು ಎತ್ತಿ ಆಂಬ್ರೋಸರ ಬಿಳಿ ಕೋಟಿನ ಮೇಲೆ ಇಟ್ಟಳು.

“ನಿಮ್ಮದೇ ಕೇಂದ್ರ ಅಲ್ವಾ. ಸ್ವಲ್ಪ ಹಿಡಿದುಕೊಳ್ಳಿ, ನೀರು ಕಾಯಿಸಿ ಬರ್ತೇನೆ.”

ಒಳಗೆ ಹೋದವಳು ನೀರು ಕುದಿದು ಆರುವವರೆಗೂ ಹೊರಗೆ ಬರಲಿಲ್ಲ. ಆ ದಿನ ರಾತ್ರಿ ಅವಳ ಹಳೆಯ ಕೆಮ್ಮು ಜೋರಾಗಿ ಮರಳಿ ಬಂತು. ಆಮೇಲೆ ಅದು ಪೂರ್ತಿ ಹೋಗಲೇ ಇಲ್ಲ.

* * *

ಫ್ಯಾಕ್ಟರಿಯ ಸೈರನ್ ಕೂಗಿದಾಗ ಬಿಸಿಲು ಹಳದಿಯಾಗಿತ್ತು. ಬಂದರಿನಿಂದ ಮರಳಿದ ಆಂಬ್ರೋಸರು ಸಮಿತಿಯವರ ಜತೆ ಅಂಗಳದಲ್ಲಿ ನಿಂತಿದ್ದರು. ಗಂಟೆ ಹೊಡೆಯುವವನಿಗೆ ಹೇಳಿ ಕಳಿಸಿಯಾಗಿತ್ತು. ಕತ್ತಲಾಗುವ ಮೊದಲು ಮುಗಿಸಿ ಅಂತ ಅವರು ಎರಡು ಸಲ ಹೇಳಿದ್ದರು.

ಹೆಂಗಸರು ಓಡಿಕೊಂಡೇ ಬಂದರು. ಮುಖ ತೊಳೆದಿರಲಿಲ್ಲ, ಸುಟ್ಟ ಸಿಪ್ಪೆಯ ವಾಸನೆ ಅವರಿಗಿಂತ ಮೊದಲು ಅಂಗಳ ಹೊಕ್ಕಿತು. ಕೊಂಕಣಿಯವರು, ತುಳುವಿನವರು, ಬ್ಯಾರಿಗಳು ಎಲ್ಲರೂ ಇದ್ದರು. ಹೆಲನ್ ಹೊಸ್ತಿಲಿನಿಂದ ಎದ್ದು ದಾರಿ ಬಿಟ್ಟರು. ಕಾಲು ಜೋಮು ಹಿಡಿದು ಗೋಡೆಗೆ ಒರಗಿ ನಿಲ್ಲಬೇಕಾಯಿತು. ಹೇಮಾಕ್ಷಿ ಎಲ್ಲರಿಗಿಂತ ಮುಂದೆ ಒಳಗೆ ಹೋಗಿ ವಿನ್ನಿಬಾಯಿಯ ಹಣೆಯ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವ ಹಾಗೆ. ಅಳಲಿಲ್ಲ.

“ಇನ್ನು ಎತ್ತುವ,” ಎಂದರು ಆಂಬ್ರೋಸರು ಬಾಗಿಲಿನಿಂದ.

ತಾಯಂದಿರ ದನಿ ಕೇಳಿ ಒಂದು ಮಗು ಎದ್ದಿತು. ಅದರ ಅಳುವಿಗೆ ಇನ್ನೊಂದು, ಮತ್ತೊಂದು. ಬೆಳಗ್ಗಿನಿಂದ ಗಂಜಿಯಲ್ಲೇ ಇದ್ದವು.

“ಹಸಿವಾಗಿದೆ ಇವಕ್ಕೆ,” ಎಂದಳು ಹೇಮಾಕ್ಷಿ, ಅವರ ಕಡೆ ತಿರುಗದೆ.

ಅವಳು ಪೆಟ್ಟಿಗೆಗೆ ಬೆನ್ನು ಕೊಟ್ಟು ಒದ್ದೆ ನೆಲದಲ್ಲಿ ಕೂತು ಮಗುವನ್ನು ಸೆರಗಿನೊಳಗೆ ತೆಗೆದುಕೊಂಡಳು. ಅವಳ ಪಕ್ಕ ಕ್ರಿಸ್ಟಿನ್ ಕೂತಳು, ಆಚೆ ಕಡೆ ರುಖಿಯಾ. ಒಬ್ಬೊಬ್ಬರಾಗಿ ಜೋಲಿಗಳಿಂದ ಮಕ್ಕಳನ್ನು ಎತ್ತಿಕೊಂಡು ಶವದ ಸುತ್ತ ಕೂತರು. ಅಳು ನಿಂತಿತು. ಬೀಫಾತಿಮ್ಮ ಬಾಗಿಲಿಗೆ ಬಂದು ಗಂಡಸರನ್ನು ನೋಡಿದಳು, ಅಷ್ಟೇ.

ಮೊದಲು ವಿಲ್ಲಿ ತಿರುಗಿ ನಿಂತ. ಆಮೇಲೆ ಪೆಟ್ಟಿಗೆ ಹೊರಲು ಬಂದವರು, ಸಮಿತಿಯವರು. ಆಂಬ್ರೋಸರು ಕೈಗಡಿಯಾರ ನೋಡಿಕೊಂಡು ಮೆಟ್ಟಿಲಿಳಿದು ಬಂದು ಅವರ ಸಾಲಿನಲ್ಲಿ ನಿಂತರು. ಕೊನೆಗೆ ವಿಗಾರ್ ಫಾದರೂ ತೆರೆದ ಪುಸ್ತಕವನ್ನು ಎದೆಗೆ ಒತ್ತಿಕೊಂಡು, ಬೇಲಿಯ ಕಡೆ ಮುಖ ಮಾಡಿದರು. ಗುಡ್ಡದ ಮೇಲೆ ಹೊಸ ಗಂಟೆ ಹೊಡೆಯತೊಡಗಿತು. ಒಳಗೆ ಯಾರೂ ಏಳಲಿಲ್ಲ. ಅಂಗಳದ ತುಂಬ ಗಂಡಸರು ಮನೆಗೆ ಬೆನ್ನು ಹಾಕಿ, ತಲೆ ತಗ್ಗಿಸಿ, ಮಕ್ಕಳ ಹೊಟ್ಟೆ ತುಂಬುವವರೆಗೆ ಕಾದು ನಿಂತಿದ್ದರು.