ಖತೀಜಾಬಿ ವಾಲ್ವು ಬಿಚ್ಚಿದ್ದು

ಅಡುಗೆಮನೆಯ ಕಲ್ಲುತೊಟ್ಟಿಯ ಕೆಳಗಿದ್ದ ವಾಲ್ವು ಸೋರತೊಡಗಿದಾಗ ಖತೀಜಾಬಿ ಮೊದಲು ಒಂದು ಚೊಂಬು ಇಟ್ಟಳು. ಆಮೇಲೆ ಬಕೆಟ್ಟು ಇಟ್ಟಳು. ಕೊನೆಗೆ ನೀರು ಗೋಡೆಯ ಬುಡಕ್ಕೇ ಇಳಿಯಿತು. ಅದು ಮಣ್ಣಿನ ಗೋಡೆ. ಅದರ ಆಚೆ ಬದಿಯಲ್ಲೇ ಅತ್ತೆ ಅಜ್ಮತುನ್ನೀಸಾ ಹಾಸಿಗೆ ಹಿಡಿದು ಮಲಗಿದ್ದಳು.

ಆ ನಲ್ಲಿ ಹಾಕಿದವನು ಖತೀಜಾಬಿಯ ಗಂಡ ಖದೀರನೇ. ಹುಣಸೂರಿನ ಅನುಕೂಲಸ್ಥರ ಮನೆಗಳಿಗೆ ಕೊಳಾಯಿ ಎಳೆಯುವುದು ಅವನ ಕೆಲಸ. ಗಾವಡಗೆರೆಯ ದೇವರಾಜು ಅವನ ಜೊತೆಗಾರ. ಆ ವರ್ಷದ ಮಳೆಗಾಲದಲ್ಲಿ ಹನಗೋಡಿನ ಒಂದು ತೋಟದಲ್ಲಿ ಪೈಪಿಗಾಗಿ ತೋಡಿದ ಗುಂಡಿ ಕುಸಿದು ಖದೀರ್ ಮಣ್ಣಿನಡಿ ಸಿಕ್ಕಿಕೊಂಡ. ಹೆಣವನ್ನು ಎತ್ತಿನಗಾಡಿಯಲ್ಲಿ ಮನೆಗೆ ತಂದವನು ದೇವರಾಜು. ಮಣ್ಣು ಮಾಡಿದ ಮೇಲೆ ಅವನು ಮತ್ತೆ ಆ ಬೀದಿಗೆ ಕಾಲಿಟ್ಟಿರಲಿಲ್ಲ.

ಖತೀಜಾಬಿ ಇನ್ನೂ ಇದ್ದತ್ತಿನಲ್ಲಿದ್ದಳು. ಗಂಡನನ್ನು ಕಳೆದುಕೊಂಡ ಹೆಂಗಸು ಆ ದಿನಗಳು ಮುಗಿಯುವ ತನಕ ಪರಗಂಡಸರ ಎದುರಿಗೆ ಬರುವಂತಿಲ್ಲ. ಆದರೂ ಗೋಡೆ ನೆನೆಯುವುದನ್ನು ಎಷ್ಟು ಹೊತ್ತು ನೋಡುತ್ತ ಕೂರುವುದು? ಪಕ್ಕದ ಮನೆಯ ವಿಮಲಮ್ಮನ ಮೂಲಕ ದೇವರಾಜುವಿಗೆ ಹೇಳಿಕಳಿಸಿದಳು.

ಮಧ್ಯಾಹ್ನ ಅವನು ಬಂದ. ಅಡುಗೆಮನೆಯ ಬಾಗಿಲಿಗೆ ಪರದೆ ಇಳಿಬಿಟ್ಟಿತ್ತು. ಅದರಾಚೆ ನೆಲದ ಮೇಲೆ ಕೂತು ಕೆಮ್ಮಿದ.

"ಬೀದಿ ಕಡೆಯಿಂದ ನೀರು ನಿಲ್ಸಿವ್ನಿ ಕಣಕ್ಕ. ನಾನು ಏಳ್ಕೊಡ್ತೀನಿ, ನೀವು ಬಿಚ್ಚಿ."

"ನನಗೆ ಬರೋದಿಲ್ಲವಲ್ಲ ಅಣ್ಣ."

"ಬತ್ತದೆ. ಎಡಗೈಲಿ ಪೈಪ ಗಟ್ಟಿಯಾಗಿ ಇಡ್ಕಳಿ. ಇಲ್ದಿದ್ರೆ ಅದೂ ತಿರುಗ್ತದೆ."

ಪರದೆಯ ಕೆಳಗಿನಿಂದ ಸ್ಪ್ಯಾನರ್ ಜಾರಿ ಬಂತು. ಖತೀಜಾಬಿ ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ಕೆಳಗೆ ನುಸುಳಿದಳು. ತಿರುಗಿಸಿದಳು, ಅದು ಇನ್ನಷ್ಟು ಬಿಗಿಯಾಯಿತು. "ಅತ್ಲಾಗಲ್ಲ, ಇತ್ಲಾಗೆ, ಗೋಡೆ ಕಡೆಗೆ" ಎಂದ ದೇವರಾಜು, ಶಬ್ದದಿಂದಲೇ ತಿಳಿದವನಂತೆ. ಮೈಭಾರ ಹಾಕಿ ಎಳೆದಾಗ ಅದು ಕಿರುಗುಟ್ಟಿ ಬಿಟ್ಟುಕೊಂಡಿತು. ಪೈಪಿನಲ್ಲಿ ಉಳಿದಿದ್ದ ನೀರು ಅವಳ ತೋಳಿನುದ್ದಕ್ಕೂ ಹರಿಯಿತು. ಒಳಗಿನಿಂದ ಕಪ್ಪಾಗಿ ಸೀಳಿದ್ದ ಚರ್ಮದ ಬಿಲ್ಲೆಯೊಂದು ಬಂತು.

ಅವಳು ಅದನ್ನು ಪರದೆಯಡಿ ತಳ್ಳಿದಳು. ದೇವರಾಜು ತಾನು ತಂದಿದ್ದ ಹದಮಾಡಿದ ಚರ್ಮದ ತುಂಡಿನ ಮೇಲೆ ಹಳೆಯದನ್ನು ಇಟ್ಟು, ಅದರ ಅಳತೆಗೆ ಕತ್ತರಿಸತೊಡಗಿದ. ಆಗ ಖತೀಜಾಬಿ ಕೇಳಿದಳು.

"ದೇವರಾಜಣ್ಣ, ಕೊನೇಲಿ ಅವರು ಏನಾದ್ರೂ ಹೇಳಿದ್ರಾ?"

ಚಾಕುವಿನ ಸದ್ದು ನಿಂತಿತು.

"ಅಮ್ಮ ದಿನಾ ಕೇಳ್ತಾರೆ. ನನ್ನ ಮಗ ಕೊನೇ ಉಸಿರಲ್ಲಿ ದೇವರ ನೆನೆದು ಕಲಿಮಾ ಹೇಳಿ ಹೋದನಾ, ಹೇಳದೇ ಹೋದನಾ ಅಂತ. ಬಂದೋರನ್ನೆಲ್ಲ ಕೇಳ್ತಾರೆ. ಅವರು ಸರಿಯಾಗಿ ಊಟ ಮಾಡಿ ಎಷ್ಟೋ ದಿನ ಆಯ್ತು."

"ಮೊಕ ಕಾಣೋಗಂಟ ಕೈಲೇ ಮಣ್ಣು ಗೋರ್ದೆ ಕಣಕ್ಕ" ಎಂದ ದೇವರಾಜು. "ಉಸ್ರು ಇತ್ತು. ಬಾಯ್ತುಂಬ ಮಣ್ಣು. ಟವಲ್ನಾಗೆ ಒರುಸ್ದೆ. ತುಟಿ ಅಲ್ಲಾಡ್ತು. ಕಿವಿ ಇಟ್ಟೆ, ಏನಂತ ತಿಳೀಲಿಲ್ಲ."

ಖತೀಜಾಬಿ ಒದ್ದೆ ನೆಲದ ಮೇಲೆ ಕೂತು, ಒಂದೊಂದೇ ಶಬ್ದ ಬಿಡಿಸಿ ಮೆಲ್ಲಗೆ ಕಲಿಮಾ ಹೇಳಿದಳು. "ಹೀಗಿತ್ತಾ?"

"ಊಂ ಅಂದ್ಬುಡವಾ ಅನ್ಸ್ತದೆ. ನಿಮ್ಮತ್ರ ಸುಳ್ಳು ಎಂಗೇಳ್ಲಿ? ನಂಗೊತ್ತಿಲ್ಲ ಕಣಕ್ಕ. ಅಮ್ಮ ಇದ್ನೇ ಕೇಳ್ತಾರೆ ಅಂತ್ಲೇ ನಾನು ಈ ಕಡೀಕೆ ಬರ್ನಿಲ್ಲ."

ಅವಳು ಗೋಡೆಗೆ ಮುಖ ಮಾಡಿ ಅತ್ತಳು. ಅವನು ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಹೊಸ ಬಿಲ್ಲೆ ಪರದೆಯಡಿ ಬಂತು, ಅದರ ಹಿಂದೆ ಮೇಣ ಸವರಿದ ಸೆಣಬಿನ ನಾರು. ಅವನು ಹೇಳಿದಂತೆ ಬಿಲ್ಲೆ ಕೂಡಿಸಿ, ತಿರುಪಿನ ಎಳೆಗಳ ಮೇಲೆ ನಾರು ಸುತ್ತಿ, ಅವಳು ಬಿಗಿ ಮಾಡಿದಳು. ದೇವರಾಜು ಹೋಗಿ ಬೀದಿಯಲ್ಲಿ ನೀರು ಬಿಟ್ಟು ಬಂದ. ಖತೀಜಾಬಿ ಬೆರಳು ಒರೆಸಿಕೊಂಡು ವಾಲ್ವಿನ ಸುತ್ತ ಮುಟ್ಟಿ ನೋಡಿದಳು. ಒಣಗಿತ್ತು.

"ನಿಂತಿದೆ ಅಣ್ಣ."

ಅಷ್ಟು ಹೊತ್ತೂ ನಿದ್ದೆಯಲ್ಲಿದ್ದ ಅಜ್ಮತುನ್ನೀಸಾ ಎಚ್ಚೆತ್ತು ಗೋಡೆಯಾಚೆಯಿಂದ ಕೂಗಿದಳು. "ಯಾರಮ್ಮಾ ಬಂದಿರೋದು?"

"ದೇವರಾಜಣ್ಣ."

ಹಾಸಿಗೆ ಸರಿದ ಸದ್ದು. "ಕೇಳಿದೆಯಾ? ನನ್ನ ಮಗ ಹೇಳಿದನಂತಾ?"

ಖತೀಜಾಬಿ ಪರದೆಯನ್ನು ನೋಡಿದಳು. "ಹೇಳಿದ್ರಂತೆ ಅಮ್ಮಾ. ಪೂರ್ತಿ ಹೇಳಿದ್ರಂತೆ."

"ನಿಜವೇನಪ್ಪಾ ದೇವರಾಜು?"

ಪರದೆಯಾಚೆ ದೇವರಾಜು ಗೋಡೆಯ ಕಡೆಗೆ ತಿರುಗಿದ. "ನಿಜ ಕಣವ್ವ" ಎಂದ.

ಮುದುಕಿ ಎರಡೂ ಕೈ ಎತ್ತಿ ಬಹಳ ಹೊತ್ತು ಪಿಸುಗುಟ್ಟಿದಳು. ಆ ದಿನ ಕೇಳಿ ಬಡಿಸಿಕೊಂಡು ಉಂಡಳು. ಖತೀಜಾಬಿ ಆ ಸುಳ್ಳಿಗೆ ನಮಾಜಿನಲ್ಲಿ ಕ್ಷಮೆ ಬೇಡಿದಳೇ ಹೊರತು ಯಾರ ಬಳಿಯೂ ಬಾಯಿ ಬಿಡಲಿಲ್ಲ.

ಚಳಿಗಾಲದಲ್ಲಿ ಅಜ್ಮತುನ್ನೀಸಾ ನಿದ್ದೆಯಲ್ಲೇ ತೀರಿಕೊಂಡಳು. ಅವಳಿಗೆ ಮಗನ ಗೋರಿಯ ಪಕ್ಕದಲ್ಲೇ ಜಾಗ ಮಾಡಿದರು. ಹನಗೋಡಿನ ಆ ದಿನದಿಂದ ಯಾವ ಗುಂಡಿಗೂ ಇಳಿಯದಿದ್ದ ದೇವರಾಜು, ಯಾರೂ ಕರೆಯದೆಯೇ ಸಲಿಕೆ ಹಿಡಿದು ಮೊದಲು ಇಳಿದ.