ಕ್ಲಚ್ ಹಿಡಿದರೆ ನೀರು ಬರುವ ಮನೆ

ನಮ್ಮ ಮನೆಯ ಪಾಯಿಖಾನೆಯಲ್ಲಿ ನೀರು ಬಿಡಬೇಕಾದರೆ ಕ್ಲಚ್ ಹಿಡಿಯಬೇಕು. ತಮಾಷೆಗೆ ಹೇಳುತ್ತಿಲ್ಲ. ಗೋಡೆಯಲ್ಲಿ ಹಳೇ ಮೋಟಾರ್ ಸೈಕಲ್ಲಿನ ಕ್ಲಚ್ ಹಿಡಿ ಇದೆ, ಅದರ ಕೇಬಲ್ಲು ಮೇಲಿನ ತೊಟ್ಟಿಗೆ ಹೋಗಿದೆ. ಹಿಡಿದರೆ ನೀರು, ಬಿಟ್ಟರೆ ಬಂದ್. ಹೊಸಬರು ಒಳಗೆ ನಿಂತು ತಡಕಾಡಿದರೆ ನಮ್ಮ ಯಜಮಾನರು ಬಾಗಿಲ ಈಚೆಯಿಂದ ಕೂಗುತ್ತಾರೆ: "ಎಡಗೈಲಿ ಹಿಡೀರಿ! ಪೂರ್ತಿ ಹಿಡೀರಿ!" ನನ್ನ ತವರಿನವರು ಇದೇ ಕಾರಣಕ್ಕೆ ನಮ್ಮಲ್ಲಿ ಒಂದು ಹೊತ್ತಿಗಿಂತ ಹೆಚ್ಚು ಇರುವುದಿಲ್ಲ.

ನನ್ನ ಗಂಡ ಮೋಟಾರ್ ಸೈಕಲ್ ಮೆಕ್ಯಾನಿಕ್. ಇನ್ನು ಉಳಿಯಲ್ಲ ಅನ್ನಿಸಿಕೊಂಡ ಗಾಡಿಗಳೆಲ್ಲ ತುಂಡುತುಂಡಾಗಿ ನಮ್ಮ ಮನೆ ಸೇರುತ್ತವೆ. ಬೀದಿಯವರು ಅವರನ್ನು ಕರೆಯುವುದೇ ಗುಜರಿ ಅಂತ. ಬಾಗಿಲಲ್ಲಿ ಗಂಟೆಯ ಬದಲು ಹಾರ್ನು. ಪೆಟ್ರೋಲ್ ಟ್ಯಾಂಕು ಅಂಚೆ ಡಬ್ಬ. ಪೋಸ್ಟ್‌ಮ್ಯಾನ್ ಮುಚ್ಚಳ ತಿರುಗಿಸಿ, ಕಾಗದವನ್ನು ಬೀಡಿಯ ಹಾಗೆ ಸುರುಳಿ ಸುತ್ತಿ ಒಳಗೆ ತಳ್ಳುತ್ತಾನೆ, ಬೈದುಕೊಂಡು ಹೋಗುತ್ತಾನೆ. ಸೈಲೆನ್ಸರಿನಲ್ಲಿ ಛತ್ರಿ. ಊಟದ ಮೇಜಿನ ಕೆಳಗೆ ಎರಡು ಚಕ್ರ. ಹಜಾರದಲ್ಲಿ ಕೂರಲು ನಾಲ್ಕು ಉದ್ದ ಸೀಟು, ಕಬ್ಬಿಣದ ಕಾಲು ಬೆಸೆದದ್ದು. ಅವರ ಸೋದರಮಾವ ಬಂದಾಗಲೆಲ್ಲ ಅಭ್ಯಾಸಬಲದಿಂದ ಎರಡೂ ಕಡೆ ಕಾಲು ಹಾಕಿಯೇ ಕೂರುತ್ತಾರೆ, ಕಾಫಿ ಲೋಟ ಕೈಗೆ ಕೊಟ್ಟರೆ ಎಲ್ಲೋ ಹೊರಟಿದ್ದಾರೇನೋ ಅನ್ನಿಸುತ್ತದೆ. ಒಲೆಯ ಮೇಲೆ ಸೈಡ್ ಕನ್ನಡಿ. "ಹಿಂದಿಂದ ಯಾರು ಬರ್ತಾರೆ ಅಂತ ನಿಂಗೆ ಗೊತ್ತಾಗ್ಬೇಕಲ್ವೇನೇ?" ಅಂದರು ನಮ್ಮ ಯಜಮಾನರು, ಅದನ್ನು ಹಾಕುವಾಗ. ಹಿಂದಿನಿಂದ ಬರುವವರು ಇವರೊಬ್ಬರೇ, ಅದೂ ತಿಂಡಿ ಕದಿಯಲು.

ನಾನು ಪುಸ್ತಕ ಬೈಂಡಿಂಗ್ ಕೆಲಸದವಳು. ಕೂದಲೆಳೆಯಷ್ಟು ಸೊಟ್ಟ ಕಂಡರೂ ನನಗೆ ಮೈ ಉರಿಯುತ್ತದೆ. ಅಂಥವಳು ಈ ಮನೆಯಲ್ಲಿ ಹೇಗೆ ಬಾಳಿದೆ ಎಂದು ಕೇಳಬೇಡಿ. ಬೈದುಕೊಂಡು ಬಾಳಿದೆ.

ಮಗುವನ್ನು ದತ್ತು ಕೊಡಿ ಎಂದು ನಾವು ಅರ್ಜಿ ಹಾಕಿ ಆರು ವರ್ಷವಾಗಿತ್ತು. ಆರು ವರ್ಷದಲ್ಲಿ ಇವರು ಆ ಮಾತು ಒಂದು ಸಲವೂ ಎತ್ತಲಿಲ್ಲ. ಕಚೇರಿಗೆ ಅಲೆದವಳು ನಾನು, ಕಾದವಳು ನಾನು, ಅತ್ತವಳು ನಾನು. ನಾನು ಶುರುಮಾಡಿದರೆ ಇವರು ಎದ್ದು ಹೋಗಿ ಅರ ಹಿಡಿದು ಯಾವುದಾದರೂ ಕಬ್ಬಿಣ ಉಜ್ಜುತ್ತ ಕೂರುತ್ತಿದ್ದರು. ಇವರಿಗೆ ಮಗು ಬೇಕೋ ಬೇಡವೋ ಎಂದೇ ನನಗೆ ಅನುಮಾನ ಬಂದುಬಿಟ್ಟಿತ್ತು.

ಆಗ ಟ್ಯಾಂಕಿನೊಳಗೆ ಒಂದು ಕಾಗದ ಬಂತು. ಮನೆ ಮಗುವಿಗೆ ತಕ್ಕುದಾಗಿದೆಯೇ ಎಂದು ನೋಡಲು ಗುರುವಾರ ಬೆಳಿಗ್ಗೆ ಅಧಿಕಾರಿ ಬರುತ್ತಾರೆ, ಅವರು ಒಪ್ಪಿ ಬರೆದರೆ ಮಾತ್ರ ಮುಂದಿನ ಮಾತು ಎಂದಿತ್ತು. ಓದಿ ಒಂದು ಸಲ ಮನೆ ಸುತ್ತ ಕಣ್ಣಾಡಿಸಿದೆ. ಇದನ್ನು ನೋಡಿದರೆ ಯಾರು ತಾನೇ ಮಗು ಕೊಡುತ್ತಾರೆ? ನಾಯಿಮರಿಯನ್ನೂ ಕೊಡಲಿಕ್ಕಿಲ್ಲ.

ಬುಧವಾರ ರಜೆ ಹಾಕಿದೆ. ಇವರು ಗ್ಯಾರೇಜಿಗೆ ಹೋದದ್ದೇ ತಡ, ಸ್ಪ್ಯಾನರ್ ಹಿಡಿದು ಒಂದೊಂದೇ ಬಿಚ್ಚಿದೆ. ಹಾರ್ನು, ಕನ್ನಡಿ, ಸೀಟು, ಮೇಜು, ಛತ್ರಿಯ ಸೈಲೆನ್ಸರು, ಬಾಗಿಲು ಮೆಲ್ಲಗೆ ಮುಚ್ಚಲೆಂದು ಹಾಕಿದ್ದ ಶಾಕ್ ಅಬ್ಸಾರ್ಬರು, ಕೊನೆಗೆ ಕ್ಲಚ್ಚನ್ನೂ ಬಿಡಲಿಲ್ಲ. ಎಲ್ಲವನ್ನೂ ಹಿಂದಿನ ಕೋಣೆಗೆ ತುಂಬಿ ಚಿಲಕ ಹಾಕಿದೆ. ಸಂಜೆ ಇವರು ಬಂದು ಬರೀ ಗೋಡೆಗಳನ್ನು ನೋಡಿದರು. "ಸರಿ ಬಿಡು," ಎಂದರು. ಅಷ್ಟೇ. ನೆಲದ ಮೇಲೆ ಕೂತು ಉಂಡೆವು.

ಬೆಳಿಗ್ಗೆ ಅಧಿಕಾರಿ ಬಂದರು. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಒಂದು ಫೈಲು. ಹಾರ್ನಿಲ್ಲದೆ ಎಷ್ಟು ಹೊತ್ತು ಬಾಗಿಲು ಬಡಿದಿದ್ದರೋ ಏನೋ. ಒಳಗೆ ಕಾಲಿಡುವಷ್ಟರಲ್ಲಿ ಬಾಗಿಲು ಧಡಾರೆಂದು ಹೊಡೆದುಕೊಂಡಿತು, ಫೈಲು ಕೆಳಗೆ ಬಿತ್ತು. ಕೂರಿ ಎನ್ನಲು ಮನೆಯಲ್ಲಿ ಕೂರುವಂಥದ್ದು ಏನೂ ಇರಲಿಲ್ಲ. ಬಿಚ್ಚುವ ಭರದಲ್ಲಿ ಅದೊಂದು ನನ್ನ ತಲೆಗೇ ಹೊಳೆದಿರಲಿಲ್ಲ. ಪಕ್ಕದ ಮನೆಯಿಂದ ಕುರ್ಚಿ ತರಲು ಓಡಿದರೆ ಅವರ ಮನೆಗೆ ಬೀಗ.

ಅಧಿಕಾರಿ ಪಾಯಿಖಾನೆಗೆ ಹೋಗಿ ಬಂದರು. "ನೀರು ಬಿಡೋದು ಎಲ್ಲಮ್ಮಾ?" ಎಂದರು. ಬಕೆಟ್ ತೋರಿಸಿದೆ. ಅವರು ಹಜಾರದ ನಡುವೆ ನಿಂತು, ಗೋಡೆಯಲ್ಲಿ ಮೊಳೆ ಕಿತ್ತ ತೂತುಗಳನ್ನೆಲ್ಲ ನೋಡಿದರು.

"ಏನಮ್ಮಾ, ಮನೆ ಖಾಲಿ ಮಾಡ್ತಾ ಇದೀರಾ?"

"ಇಲ್ಲ ಮೇಡಂ!"

"ಮತ್ತೆ ಇಲ್ಲಿ ಯಾರೂ ವಾಸ ಇದ್ದ ಹಾಗೇ ಇಲ್ವಲ್ಲ. ಇವತ್ತು ಇದ್ದು ನಾಳೆ ಹೋಗೋರಿಗೆ ನಾವು ಮಗು ಕೊಡಕ್ಕಾಗಲ್ಲ." ಪೆನ್ನಿನ ಮುಚ್ಚಳ ತೆಗೆದರು.

ಮೂಲೆಯಲ್ಲಿ ನಿಂತಿದ್ದ ಗಂಡನನ್ನು ನೋಡಿದೆ. ಯಾವತ್ತಿನ ಹಾಗೆ ಬಾಯಿಗೆ ಬೀಗ. ನನಗೆ ಎಲ್ಲಿತ್ತೋ ಸಿಟ್ಟು, ಹೋಗಿ ಹಿಂದಿನ ಕೋಣೆಯ ಚಿಲಕ ಎಳೆದೆ. ಸೀಟು, ಚಕ್ರ, ಕನ್ನಡಿ ಎಲ್ಲ ಗಡಗಡನೆ ಹಜಾರಕ್ಕೇ ಉರುಳಿದವು.

"ನೋಡಿ ಮೇಡಂ, ಇದು ನಮ್ಮ ಮನೆ. ಹನ್ನೊಂದು ವರ್ಷದಿಂದ ಇದರಲ್ಲೇ ಇದೀವಿ. ನೀವು ಗುಜರಿ ಅಂತೀರೇನೋ ಅಂತ ಮುಚ್ಚಿಟ್ಟೆ. ಬರ್ಕೊಳ್ಳಿ, ಏನು ಬೇಕೋ ಬರ್ಕೊಳ್ಳಿ!"

ಅಧಿಕಾರಿ ನನ್ನ ಕಾಲ ಬಳಿ ಬಂದು ನಿಂತ ಚಕ್ರವನ್ನು ನೋಡಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು. "ಎಲ್ಲೆಲ್ಲಿತ್ತೋ ಅಲ್ಲಲ್ಲೇ ಹಾಕಿ. ನೋಡೇ ಹೋಗ್ತೀನಿ."

ಮುಕ್ಕಾಲು ಗಂಟೆ ಹಿಡಿಯಿತು. ಇವರು ಬಿಗಿದರು, ನಾನು ನಟ್ಟು ಕೊಟ್ಟೆ. ಅಧಿಕಾರಿ ಒಂದೊಂದರ ಹತ್ತಿರ ಹೋಗಿ ಬಗ್ಗಿ, ಅಂಚಿನ ಮೇಲೆ ಬೆರಳಾಡಿಸಿದರು. ಸೀಟಿನ ಅಡಿ, ಮೇಜಿನ ಚಕ್ರ, ಸೈಲೆನ್ಸರಿನ ಬಾಯಿ. ಆಮೇಲೆ ಅಡುಗೆಮನೆಗೆ ಹೋಗಿ ಸೈಡ್ ಕನ್ನಡಿಯ ಕಟ್ಟು ಮುಟ್ಟಿದವರು ಸ್ ಎಂದು ಬೆರಳು ಬಾಯಿಗಿಟ್ಟುಕೊಂಡರು. ಮುಗಿಯಿತು ಕಥೆ, ಅಂದುಕೊಂಡೆ.

"ಏನ್ರೀ ಇದು?" ಎಂದು ಇವರನ್ನು ಕೇಳಿದರು. "ಕೆಳಗಿರೋದೆಲ್ಲ ಬೆಣ್ಣೆ ಹಾಗೆ ಉಜ್ಜಿದೀರಿ. ತುದಿಗಳಿಗೆಲ್ಲ ಟ್ಯೂಬ್ ರಬ್ಬರ್ ಸುತ್ತಿದೀರಿ. ಮೇಲಿರೋದು ಯಾಕೆ ಹಾಗೇ ಬಿಟ್ರಿ?"

"ಮೇಲಿಂದು ಕೈಗೆ ಸಿಗಲ್ಲ ಮೇಡಂ."

"ಯಾರ ಕೈಗೆ?"

ಇವರು ತಲೆ ಕೆರೆದುಕೊಂಡರು. ನನ್ನ ಕಡೆ ನೋಡಲೇ ಇಲ್ಲ. ಅಂಗೈ ಚಾಚಿ ಸೊಂಟದ ಮಟ್ಟಕ್ಕೆ ಹಿಡಿದು ತೋರಿಸಿದರು. "ಬಂದ್ರೆ... ಇಷ್ಟೆತ್ತರ ಇರುತ್ತೇನೋ ಅಂತ."

"ಯಾವಾಗ ಮಾಡಿದ್ದು?"

"ಅರ್ಜಿ ಹಾಕಿದ ವಾರಾನೇ ಶುರು ಮಾಡ್ದೆ. ಆಮೇಲೆ ಹೊಸಾದು ಏನೇ ತಂದ್ರೂ ಉಜ್ಜೇ ಒಳಗೆ ತರೋದು."

ದಿನಾ ಧೂಳು ಒರೆಸುವವಳು ನಾನು. ಒಲೆಯ ಮೇಲಿನ ಕನ್ನಡಿಗೆ ಎಷ್ಟು ಸಲ ಕೈ ಕೊಯ್ದುಕೊಂಡು ಇವರಿಗೆ ಶಾಪ ಹಾಕಿದ್ದೇನೋ ಲೆಕ್ಕವಿಲ್ಲ. ಕೆಳಗಿನದು ಒಂದು ದಿನವೂ ಗೀರಿರಲಿಲ್ಲ. ಯಾಕೆ ಎಂದು ನಾನು ಯೋಚಿಸಿರಲೂ ಇಲ್ಲ. ಇವರನ್ನು ಬೈಯೋಣವೆಂದು ಬಾಯಿ ತೆರೆದೆ, ಅಳು ಬಂತು.

"ಆರು ವರ್ಷ ಬಾಯಿ ಬಿಡಕ್ಕೇನಾಗಿತ್ತು ನಿಮಗೆ?"

"ನೀನು ಆ ಮಾತೆತ್ತಿದ್ರೇ ಅಳ್ತಿದ್ದೆ. ನಾನೂ ಶುರು ಮಾಡಿದ್ರೆ ಇಬ್ರೂ ಅಳ್ತಾ ಕೂರಬೇಕಾಗಿತ್ತು," ಎಂದರು.

ಅಧಿಕಾರಿ ಸೀಟಿನ ಮೇಲೆ ಕೂತು ಫೈಲು ಬಿಚ್ಚಿ ಬಹಳ ಹೊತ್ತು ಬರೆದರು. ಏನು ಬರೆದರೆಂದು ಕೇಳುವ ಧೈರ್ಯ ನನಗಿರಲಿಲ್ಲ. ಎದ್ದು ಬಾಗಿಲ ತನಕ ಹೋದವರು ತಿರುಗಿ, ಇವರು ತೋರಿಸಿದ ಹಾಗೇ ಅಂಗೈ ಚಾಚಿದರು, ಆದರೆ ಸೊಂಟಕ್ಕಲ್ಲ, ಎದೆಗೆ.

"ನಿಮಗೆ ಅಂತ ನಾವು ನೋಡಿರೋ ಹುಡುಗಿಗೆ ಏಳು ವರ್ಷ. ಇನ್ನೊಂದು ಗೇಣು ಮೇಲಕ್ಕೆ ಉಜ್ಜಬೇಕಾಗುತ್ತೆ."

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಇವರು ಹೋಗಿ ಪೆಟ್ಟಿಗೆಯಿಂದ ಅರ ತೆಗೆದರು. ನಾನು ಮುಖ ಒರೆಸಿಕೊಂಡು ಸೆರಗು ಸಿಕ್ಕಿಸಿದೆ.

"ಇನ್ನೊಂದು ಅರ ಇದೆಯೇನ್ರೀ?" ಎಂದೆ.